ಅಕ್ಕ ಒಡ್ಡಿದ ಸೆರಗು

ನನ್ನ ಅಕ್ಕನಿಗೆ ನಾನು ಮಡಿಲಕ್ಕಿ ಹಾಕಲಿಲ್ಲ. ಅವಳು ಸೆರಗು ಒಡ್ಡಿ ನಿಂತಿದ್ದಳು, ಅಕ್ಕಿಯ ಮೊರ ನನ್ನ ಕೈಯಲ್ಲೇ ಇತ್ತು — ಆದರೂ ಹಾಕಲಿಲ್ಲ.

ಆಗ ಅವಳ ಗಂಡ ತೀರಿಕೊಂಡು ವರ್ಷ ತುಂಬಿತ್ತು. ಓದು ಮುಂದುವರಿಸಲು ದೆಹಲಿಗೆ ಹೊರಟಿದ್ದಳು. ಅವ್ವ ಇರಲಿಲ್ಲ, ಹೊಸದುರ್ಗದ ನನ್ನ ಮನೆಯೇ ಅವಳಿಗೆ ತವರು. ಹೊರಟ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಕಳಿಸುವುದು ತವರಿನ ಕೆಲಸ. ಮೊರ ಹಿಡಿದು ಬಂದೆ. ಬಾಗಿಲಲ್ಲಿ ಕೂತಿದ್ದ ನಮ್ಮತ್ತೆ, "ಏನೇ, ಗಂಡ ಸತ್ತೋಳಿಗೆ ಮಡ್ಲಕ್ಕಿನಾ? ನಿನ್ನ ಗಂಡ ಚೆನ್ನಾಗಿರೋದು ಬ್ಯಾಡ್ವಾ?" ಅಂದರು.

ಮೊರವನ್ನು ಒಳಗಿಟ್ಟು ಬಂದೆ. ಅಷ್ಟರಲ್ಲಿ ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. "ಬಸ್ಸಿಗೆ ಹೊತ್ತಾತು ಕಣೆ," ಎಂದು ನಕ್ಕಳು. ಆ ನಗು...

ಆಮೇಲೆ ಬಂದಾಗಲೆಲ್ಲ, ಹೊರಡುವ ಹೊತ್ತಿಗೆ ಫೋನು ಬಂದವಳಂತೆ ತಾನೇ ಅಂಗಳಕ್ಕೆ ಇಳಿದುಬಿಡುತ್ತಿದ್ದಳು. ನನ್ನನ್ನು ಮುಜುಗರದಿಂದ ಉಳಿಸುತ್ತಿದ್ದಳು. ಅದು ಗೊತ್ತಿದ್ದೂ ಸುಮ್ಮನಿದ್ದೆ. ಅತ್ತೆ ತೀರಿಕೊಂಡ ಮೇಲೂ ಸುಮ್ಮನಿದ್ದೆ — ಹಾಗಾದರೆ ಅಡ್ಡ ಬಂದದ್ದು ಅತ್ತೆಯ ಮಾತೊಂದೇ ಅಲ್ಲ. ನನ್ನ ಗಂಡನಿಗೆ ಏನಾದರೂ ಆದರೆ ಎಂಬ ಹೆದರಿಕೆ ನನ್ನೊಳಗೇ ಇತ್ತು. ಅಕ್ಕನ ಕೈ ನನಗೆ ಅಪಶಕುನವಾಗಿತ್ತು. ನನ್ನ ತಲೆ ಬಾಚಿ ಬೆಳೆಸಿದ ಕೈ.

ಕಳೆದ ವಾರ ಬಂದಳು. ಜರ್ಮನಿಯ ವಿಶ್ವವಿದ್ಯಾಲಯವೊಂದು ಒಂದು ವಿಭಾಗವನ್ನೇ ನಡೆಸಲು ಅವಳನ್ನು ಕರೆದಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಆ ಹುದ್ದೆಯ ಹೆಸರು ಹೇಳಲು ನಾಲಿಗೆ ತಿರುಗುವುದಿಲ್ಲ. "ಇನ್ನು ಅಲ್ಲೇ ಕಣೆ, ಬರೋದು ಅಪರೂಪ," ಎಂದಳು.

ಹೊರಡುವಾಗ ಎಂದಿನಂತೆ ಅಂಗಳಕ್ಕೆ ಇಳಿದಳು. ಮೊರ ಹಿಡಿದು ನಾನೂ ಹಿಂದೆಯೇ ಇಳಿದೆ. ತೆಂಗಿನಕಾಯಿ ಸುಲಿಯುತ್ತಿದ್ದ ನನ್ನ ಗಂಡ ಕೈ ನಿಲ್ಲಿಸಿ ನೋಡಿದರು. ಅಕ್ಕ ಅವರನ್ನೊಮ್ಮೆ, ಮೊರವನ್ನೊಮ್ಮೆ ನೋಡಿದಳು.

"ಚೂಡಿದಾರ ಹಾಕ್ಕಂಡೀನಿ, ಸೆರಗೆಲ್ಲೈತೆ ನಂಗೆ?"

"ವೇಲ್ ಐತಲ್ಲ, ಹಿಡಿ."

"ಕೊಬ್ಬರಿ ವಿಮಾನದಾಗೆ ಬಿಡಲ್ಲ ಕಣೆ, ಹುಚ್ಚಿ."

"ಬಸ್ಸಿನಾಗೇ ತಿಂದು ಮುಗ್ಸು."

"ಹಿಡೀರಿ ಅಕ್ಕಾರೇ," ಎಂದರು ನನ್ನ ಗಂಡ, "ಅವಳು ಬಿಡೋ ಪೈಕಿ ಅಲ್ಲ."

ಅಕ್ಕ ವೇಲಿನ ಎರಡೂ ತುದಿ ಹಿಡಿದು ಒಡ್ಡಿದಳು. ಸುರಿಯುವಾಗ ಒಂದಿಷ್ಟು ಅಕ್ಕಿ ಮಣ್ಣಿಗೆ ಬಿತ್ತು. ಇಷ್ಟು ವರ್ಷ ಮನಸ್ಸಿನಲ್ಲೇ ಹೇಳಿಕೊಂಡಿದ್ದನ್ನು ಗಂಡನಿಗೂ ಕೇಳುವಂತೆ ಹೇಳಿದೆ:

"ಅವತ್ತು ನೀನು ಸೆರಗು ಒಡ್ಡಿದ್ದನ್ನ ನಾನು ನೋಡಿದ್ದೆ ಕಣಕ್ಕ. ನೋಡಿನೂ ಒಳಗೆ ಹೋದೆ. ತಪ್ಪಾತು."