ಎಲಾಡಿಯೊ ಕುಣಿಸಿದ ಶನಿವಾರಗಳು

ಶನಿವಾರ ಬೆಳಗಿನ ಆರು ಗಂಟೆ. ಪೂರ್ವ ಹಾರ್ಲೆಮ್‌ನ ನಮ್ಮ ಹಿರಿಯರ ಕೇಂದ್ರದ ಅಡುಗೆಮನೆಯಲ್ಲಿ ಎಲಾಡಿಯೊ ಕಿನ್ಯೋನೆಸ್ ಬಿಸಿನೀರಿನ ಬೋಗುಣಿಯಲ್ಲಿ ಬೆರಳು ಅದ್ದಿಕೊಂಡು ಕೂತಿದ್ದಾರೆ. ಎಪ್ಪತ್ತೊಂಬತ್ತು ವರ್ಷದ ಬೆರಳುಗಳು ಬಿಸಿ ತಾಗದೆ ಮಡಚುವುದಿಲ್ಲ. ಕಳೆದ ಶನಿವಾರ ಇಲ್ಲಿನ ಕುಣಿತಕ್ಕೆ ಪಿಯಾನೊ ಬಾರಿಸುವಾಗ ಹಾಡಿನ ನಡುವೆಯೇ ಕೈ ನಿಂತಿತ್ತು. ಇವತ್ತೂ ನಿಂತರೆ ಪಿಯಾನೊ ಬಿಡಬೇಕೆಂದು ಕೇಂದ್ರದ ಉಸ್ತುವಾರಿ ಯಾರಿಬೆಲ್ ಹೇಳಿದ್ದಾಳೆ.

ಕೈ ಒರೆಸಿಕೊಂಡು ಅವರು ಪಿಯಾನೊದ ಕೆಳಹಲಗೆ ತೆಗೆದು ಒಳಗೊಂದು ನೀರಿನ ಡಬ್ಬ ಇಡುತ್ತಾರೆ, ಹೀಟರಿನ ಒಣ ಶಾಖಕ್ಕೆ ಶ್ರುತಿ ಕೆಡದಿರಲೆಂದು. "ಇದಕ್ಕೂ ಬಾಯಾರುತ್ತೆ, ನನಗೂ ಬಾಯಾರುತ್ತೆ. ನನಗೆ ಮಾತ್ರ ಯಾರೂ ಕಾಫಿ ಕೊಡಲ್ಲ," ಎಂದು ನನ್ನತ್ತ ನೋಡುತ್ತಾರೆ. ಇಪ್ಪತ್ತು ವರ್ಷದಿಂದ ಅವರ ನೆರೆಮನೆಯವಳು ನಾನು. ಎದ್ದು ಕಾಫಿ ಕಾಸುತ್ತೇನೆ.

ಅರವತ್ತರ ದಶಕದಲ್ಲಿ ಇಲ್ಲಿನ ಹಾಲ್‌ಗಳಲ್ಲಿ ನಮ್ಮ ಕುಣಿತದ ಮಾಂಬೊ ಶುರುವಾದರೆ ಕಪ್ಪು ಜನರ ಮಕ್ಕಳು ಕೂತುಬಿಡುತ್ತಿದ್ದರು. ಅವರ ಸೋಲ್ ಹಾಡು ಬಂದರೆ ನಮ್ಮ ಪೋರ್ಟೊರಿಕೊದವರು ಕೂರುತ್ತಿದ್ದರು. ಹತ್ತೊಂಬತ್ತರ ಎಲಾಡಿಯೊಗೆ ತಲೆಕೆಟ್ಟಿತು. ಎಡಗೈಯಲ್ಲಿ ನಮ್ಮ ಮಾಂಬೊ ನಡೆ, ಬಲಗೈಯಲ್ಲಿ ಸೋಲ್, ಮೇಲೆ ತಾಳಕ್ಕೆ ಎಲ್ಲರಿಂದಲೂ ಚಪ್ಪಾಳೆ: ಹೀಗೆ ಬೆರೆಸಿ ಬಾರಿಸಿದರು. ಎಂಟುನೂರು ಜನ ಒಟ್ಟಿಗೆ ಎದ್ದರಂತೆ.

ಹಿರಿಯ ವಾದ್ಯಗಾರರು ಉರಿದುಬಿದ್ದರು. ಎರಡು ಕೋಲು ಬಡಿದು ಹಿಡಿಯುವ ಕ್ಲಾವೆ ತಾಳವೆಂದರೆ ನಮ್ಮವರಿಗೆ ದೇವರ ಸಮಾನ. ಚಪ್ಪಾಳೆ ಅದಕ್ಕೇ ಅಡ್ಡ ಬಿದ್ದಿತ್ತು. "'ತಾಳಗೇಡಿ, ನಿಮ್ಮಜ್ಜಿ ಕೇಳಿದ್ರೆ ಮನೆ ಬಾಗಿಲು ಹಾಕ್ಕೋತಾಳೆ' ಅಂದ್ರು. ತಪ್ಪಿದ್ದು ನಿಜ. ಆದ್ರೆ ಎದ್ದು ಕುಣಿಯೋರನ್ನ ಹೇಗಮ್ಮಾ ಕೂರಿಸ್ಲಿ?" ಎನ್ನುತ್ತಾರೆ ಎಲಾಡಿಯೊ.

ಮೂರೇ ವರ್ಷಕ್ಕೆ ಆ ಅಬ್ಬರ ಇಳಿಯಿತು. ಆಮೇಲೆ ಮೂವತ್ತನಾಲ್ಕು ವರ್ಷ ಅಪಾರ್ಟ್‌ಮೆಂಟುಗಳ ಬಾಯ್ಲರ್ ನೋಡಿಕೊಂಡರು, ಪಿಯಾನೊ ಶನಿವಾರಕ್ಕಷ್ಟೇ ಉಳಿಯಿತು. ನನಗಂತೂ ಹೊಟ್ಟೆ ಉರಿಯುತ್ತದೆ: ಆ ಅಡ್ಡತಾಳಕ್ಕೆ ಊರೆಲ್ಲ ಕುಣಿಯಿತು, ಇವರ ಹೆಸರು ಯಾರಿಗೆ ಗೊತ್ತು? ಈಗ ಶನಿವಾರ ಬರುವವರು ಹನ್ನೊಂದು ಮಂದಿ, ಮೂವರಿಗೆ ಊರುಗೋಲು.

ಹನ್ನೊಂದು ಗಂಟೆಗೆ, ಎರಡನೇ ಹಾಡಿನಲ್ಲಿ, ಎಡಗೈ ಮರಗಟ್ಟುತ್ತದೆ. ಕುಣಿಯುವವರು ನಿಂತಲ್ಲೇ ನಿಲ್ಲುತ್ತಾರೆ. ಯಾರಿಬೆಲ್ ಮೆಲ್ಲನೆ ಬರುತ್ತಾಳೆ. "ಎಲಾಡಿಯೊ ಅವ್ರೇ, ಬೇಜಾರು ಮಾಡ್ಕೋಬೇಡಿ. ಮುಂದಿನ ವಾರದಿಂದ ನಿಮ್ಮ ಹಳೇ ರೆಕಾರ್ಡನ್ನೇ ಹಾಕ್ತೀವಿ."

ಅವರು ಪಿಯಾನೊದ ಮುಚ್ಚಳ ಮುಚ್ಚುತ್ತಾರೆ. ನನಗೆ ಅಳು ಬರುತ್ತದೆ. ಹೆಂಡತಿ ನಿಲ್ಡಾ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾರೆ.

"ಒಳ್ಳೇದೇ ಆಯ್ತು. ಐವತ್ತೈದು ವರ್ಷ ನಿನ್ನ ಹಾಡಿಗೆ ನಾನು ಕಂಡೋರ ಕೈ ಹಿಡ್ಕೊಂಡು ಕುಣಿದೆ. ಇನ್ನಾದ್ರೂ ನನ್ನ ಜೊತೆ ಕುಣಿಯೋಕೆ ಏಳೋ ಮುದುಕ!"

ಎಲಾಡಿಯೊ ಬಾಗಿ ನನ್ನ ಕಿವಿಯಲ್ಲಿ ಪಿಸುಗುಡುತ್ತಾರೆ: "ಅವಳಿಗೆ ಹೇಳ್ಬೇಡಮ್ಮಾ, ನನಗೆ ಕುಣಿಯೋಕೇ ಬರಲ್ಲ. ಬಾರಿಸ್ತಾ ಬಾರಿಸ್ತಾ ಕಲಿಯೋಕೆ ಪುರುಸೊತ್ತೇ ಸಿಗ್ಲಿಲ್ಲ. ಬರೋ ಶನಿವಾರ ಅವಳ ಕಾಲು ತುಳೀದೇ ಇದ್ರೆ ಸಾಕು."