ಸ್ಕ್ಯಾನಿನಲ್ಲಿ ಸಿಕ್ಕಿಬಿದ್ದ ಅಕ್ಕನ ಮಾತು

ಇದು ನಡೆದದ್ದು ಕಳೆದ ವರ್ಷ, ಗಣೇಶನ ಹಬ್ಬ ಮುಗಿದ ಮೇಲೆ. ನನ್ನ ಅಕ್ಕ ಶಾರದಾಗೆ ಕತ್ತಿನ ಗಂಟುಗಳಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿದು ಕಿಮೋ ಶುರುವಾಗಿತ್ತು. ಭಾವ ತೀರಿಕೊಂಡ ಮೇಲೆ ಅವಳು ಯಡಿಯೂರಿನ ನಮ್ಮ ಮನೆಯಲ್ಲೇ ಇದ್ದಾಳೆ. ಔಷಧಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನೋಡಲು ಡಾಕ್ಟರು ಎರಡನೇ ಸಲ ಪೆಟ್ ಸ್ಕ್ಯಾನ್ ಬರೆದುಕೊಟ್ಟರು. ಮೊದಲ ಸ್ಕ್ಯಾನಿನ ಅಂಕಿಗಳ ಜೊತೆ ಇದರ ಅಂಕಿಗಳನ್ನು ಹೋಲಿಸಿ ಮುಂದಿನ ಚಿಕಿತ್ಸೆ ತೀರ್ಮಾನಿಸುತ್ತಾರಂತೆ.

ಜಯನಗರದ ಸ್ಕ್ಯಾನಿಂಗ್ ಸೆಂಟರಿಗೆ ಬೆಳಿಗ್ಗೆ ಏಳಕ್ಕೇ ಬನ್ನಿ ಎಂದಿದ್ದರು. ಬಾಗಿಲು ತೆಗೆದದ್ದು ಎಂಟಕ್ಕೆ. ಒಂದೇ ಫಾರಂ ಅನ್ನು ಮೂರು ಕೌಂಟರಿನಲ್ಲಿ ತುಂಬಿಸಿದರು. ಹಿಂದಿನ ಸಿಡಿ ಎಲ್ಲಿ ಎಂದು ಕೇಳಿದರು. ಅವರೇ ಕೊಟ್ಟಿದ್ದ ಸಿಡಿ, ಅದರ ಚಿತ್ರಗಳು ಅವರ ಕಂಪ್ಯೂಟರಿನಲ್ಲೇ ಇಲ್ಲವಂತೆ. ನಾನು ಆಟೋ ಹಿಡಿದು ಮನೆಗೆ ಹೋಗಿ ತಂದೆ. ಅಷ್ಟರಲ್ಲಿ ಉಪವಾಸವಿದ್ದ ಅಕ್ಕ ಅಲ್ಲಿದ್ದ ನಾಲ್ಕು ಜನರ ಊರು, ಮನೆತನ ಎಲ್ಲ ತಿಳಿದುಕೊಂಡಿದ್ದಳು.

ಟೆಕ್ನಿಷಿಯನ್ ಅವಳಿಗೆ ಬಿಡಿಸಿ ಹೇಳಿದ. "ಅಮ್ಮಾ, ಈ ಇಂಜೆಕ್ಷನ್‌ನಲ್ಲಿ ಇರೋದು ಒಂಥರಾ ಗ್ಲೂಕೋಸು. ಮೈಯಲ್ಲಿ ಎಲ್ಲಿ ಕೆಲ್ಸ ಜಾಸ್ತಿ ನಡೀತಿರುತ್ತೋ ಅಲ್ಲಿಗೆ ಹೋಗಿ ಸೇರ್ಕೊಳ್ಳುತ್ತೆ, ಸ್ಕ್ಯಾನಲ್ಲಿ ಆ ಜಾಗ ಹೊಳೆಯುತ್ತೆ. ಒಂದು ಗಂಟೆ ಅಲ್ಲಾಡ್ಬೇಡಿ, ಫೋನ್ ಬೇಡ, ಮಾತೂ ಬೇಡ."

ಅಕ್ಕ ಗಂಭೀರವಾಗಿ ತಲೆಯಾಡಿಸಿದಳು. ನನ್ನನ್ನು ಒಳಗೆ ಬಿಡಲಿಲ್ಲ.

ಶುಕ್ರವಾರ ಸಂಜೆ ರಿಪೋರ್ಟು ನನ್ನ ಮೊಬೈಲಿಗೆ ಬಂತು. ಕತ್ತಿನ ಗಂಟುಗಳ ಹೊಳಪಿನ ಅಂಕಿ ಚೆನ್ನಾಗಿ ಇಳಿದಿತ್ತು. ಆದರೆ ಧ್ವನಿಪೆಟ್ಟಿಗೆಯ ಹತ್ತಿರ ಮೊದಲ ಸ್ಕ್ಯಾನಿನಲ್ಲಿ ಇಲ್ಲದ ಹೊಳಪು ಕಾಣಿಸಿದೆ, ಪರೀಕ್ಷಿಸುವುದು ಒಳ್ಳೆಯದು ಎಂದಿತ್ತು. ಸೆಂಟರಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಹೇಳಿ ಸಂಗೀತ ಕೇಳಿಸಿದರು. ಆಸ್ಪತ್ರೆಯಲ್ಲಿ, "ಡಾಕ್ಟ್ರು ಮಂಗಳವಾರಾನೇ ಸಿಗೋದು ಸಾರ್," ಎಂದರು. ಕಾಯಿಲೆ ಗಂಟಲಿಗೂ ಹಬ್ಬಿತೆಂದು ನಾನು ಒಳಗೊಳಗೇ ಲೆಕ್ಕ ಹಾಕಿಬಿಟ್ಟೆ. ಅಕ್ಕನಿಗೆ ಹೇಳಲಿಲ್ಲ. ಅವಳು ಕೇಳಿದ್ದನ್ನೆಲ್ಲ ಎಂದಿನಂತೆ ಗೊಣಗದೆ ತಂದುಕೊಟ್ಟೆ. ಭಾನುವಾರ ಮಸಾಲೆ ದೋಸೆ ಬೇಕೆಂದಳು, ಅದನ್ನೂ ತಂದೆ.

ಮಂಗಳವಾರ ಡಾಕ್ಟರು ಚಿತ್ರಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಎರಡೂ ಕಡೆ ಒಂದೇ ಸಮ ಹೊಳೀತಿದೆ. ಇಂಜೆಕ್ಷನ್ ಆದ್ಮೇಲೆ ಮಾತಾಡಿದ್ರಾ ಅಮ್ಮಾ?"

ಅಕ್ಕ ಫ್ಯಾನು ನೋಡಿದಳು. "ಸ್ವಲ್ಪ."

"ಎಷ್ಟು ಹೊತ್ತು?"

"ಸ್ಕ್ಯಾನಿಗೆ ಕರೆಯೋವರ್ಗೂ. ಪಕ್ಕದ ಕುರ್ಚೀಲಿ ಶ್ರೀನಗರದ ಹುಡುಗಿ ಇದ್ಲು ಡಾಕ್ಟ್ರೇ. ಮೊದಲ್ನೇ ಸಲ ಅಂತೆ, ಭಯಕ್ಕೆ ಅಳ್ತಿದ್ಲು. ಬಾಯಿ ಮುಚ್ಕೊಂಡು ಹೆಂಗೆ ಕೂತ್ಕೊಳ್ಳೋದು?"

ಡಾಕ್ಟರು ನಕ್ಕುಬಿಟ್ಟರು. ಒಂದು ಗಂಟೆ ದುಡಿದ ಗಂಟಲಿನ ಸ್ನಾಯುಗಳೇ ಗ್ಲೂಕೋಸು ಹೀರಿಕೊಂಡಿರಬೇಕು ಎಂದರು. ಆದರೂ ಆವತ್ತೇ ಗಂಟಲಿಗೆ ಕ್ಯಾಮೆರಾ ಹಾಕಿಸಿ ನೋಡಿಸಿದರು. ಏನೂ ಇರಲಿಲ್ಲ. ಔಷಧಿ ಕೆಲಸ ಮಾಡುತ್ತಿದೆ, ಅದೇ ಕಿಮೋ ಮುಂದುವರಿಸೋಣ ಎಂದರು.

ಆಟೋ ಹತ್ತಿದ್ದೇ ತಡ, ನನ್ನ ತಾಳ್ಮೆ ಕೆಟ್ಟಿತು. "ಒಂದು ಗಂಟೆ ಸುಮ್ನಿರಕ್ಕಾಗಲ್ವಾ ನಿಂಗೆ? ನಾಲ್ಕು ದಿನ ನಾನು ನಿದ್ದೆ ಮಾಡಿಲ್ಲ. ನಿಂಗೇನು, ದೋಸೆ ತಿಂದ್ಕೊಂಡು ಆರಾಮಾಗಿದ್ದೆ."

ಅಕ್ಕ ರಸ್ತೆಯ ಕಡೆ ಮುಖ ತಿರುಗಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಆರಾಮಾಗಿರ್ಲಿಲ್ಲ ಕಣೋ. ಏನೋ ಕೆಟ್ಟದ್ದು ಬಂದಿದೆ ಅಂತ ಶುಕ್ರವಾರಾನೇ ಗೊತ್ತಾಯ್ತು. ಅವತ್ತಿಂದ ನೀನು ನನ್ನ ಒಂದ್ಸಲಾನೂ ಬೈದಿರ್ಲಿಲ್ಲ."

ವಿಷಯ ಮುಚ್ಚಿಟ್ಟು ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಅಂದಿನಿಂದ ರಿಪೋರ್ಟಿನಲ್ಲಿ ಏನೇ ಬಂದರೂ ಮೊದಲು ಅವಳಿಗೇ ಓದಿ ಹೇಳುತ್ತೇನೆ. ಬೈಯುವುದನ್ನು ಮಾತ್ರ ಒಂದು ದಿನವೂ ತಪ್ಪಿಸುವುದಿಲ್ಲ.