ನಿಲ್ಲು ಅಂದರೆ ನಿಲ್ಲದ ಮೆಥಡ್

ಮದುವೆಯಾಗಿ ವರ್ಷ ಕಳೆದರೂ ಇಂದ್ರೇಶನ ಸಂಸಾರ ಎರಡು ಊರುಗಳಲ್ಲಿ ಹಂಚಿಹೋಗಿತ್ತು. ಅವನು ಸಿಡ್ನಿಯ ಹ್ಯಾರಿಸ್ ಪಾರ್ಕಿನ ಬಾಡಿಗೆ ಕೋಣೆಯಲ್ಲಿ. ಹೆಂಡತಿ ಪ್ರಾರ್ಥನಾ ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ, ಆಸ್ಪತ್ರೆಯೊಂದರ ಲ್ಯಾಬ್ ಕೆಲಸದಲ್ಲಿ. 2006ರ ಚಳಿಗಾಲದಲ್ಲಿ ಅವನ ಸಾಫ್ಟ್‌ವೇರ್ ಆಫೀಸಿನ ಮ್ಯಾನೇಜರ್ ಆಸೆ ಹುಟ್ಟಿಸಿದ: ಲಾರಿಗಳಿಗೆ ದಾರಿ ಹುಡುಕುವ ಪ್ರೋಗ್ರಾಮು ಸರಿಹೋದರೆ ಮೆಲ್ಬರ್ನ್ ಆಫೀಸಿಗೆ ವರ್ಗ.

ಜಾವಾ ಭಾಷೆಯಲ್ಲಿ ಬರೆದ ಆ ಪ್ರೋಗ್ರಾಮಿನ ಒಂದು ಮೆಥಡ್, ಅಂದರೆ ದಾರಿ ಲೆಕ್ಕ ಹಾಕುವ ತುಣುಕು, ಮಹಾ ಹಟಮಾರಿ. ಆರ್ಡರ್ ಜಾಸ್ತಿಯಾದರೆ ಎಲ್ಲಕ್ಕಿಂತ ಹತ್ತಿರದ ದಾರಿ ಹುಡುಕುತ್ತಾ ಗಂಟೆಗಟ್ಟಲೆ ಕೂತುಬಿಡುತ್ತಿತ್ತು. ಡ್ರೈವರುಗಳು ಯಾರ್ಡಿನಲ್ಲಿ ಸಿಗರೇಟು ಸುಡುತ್ತಾ ಕಾಯಬೇಕು. ಇಂದ್ರೇಶ ಅದನ್ನು ಪಕ್ಕದಲ್ಲಿ ತನ್ನ ಪಾಡಿಗೆ ಓಡುವ ಬೇರೆ ಥ್ರೆಡ್ಡಿಗೆ ತಳ್ಳಿ, ಹತ್ತು ಸೆಕೆಂಡ್ ಕಾದು, ಮುಗಿಯದಿದ್ದರೆ 'ನಿಲ್ಲು' ಎಂದು ಹೇಳಿ, ಅಷ್ಟರಲ್ಲಿ ಸಿಕ್ಕ ದಾರಿಯನ್ನೇ ತೋರಿಸುವಂತೆ ಬರೆದ. ಆದರೆ ಜಾವಾದಲ್ಲಿ ನಿಲ್ಲು ಅನ್ನುವುದು ಅಪ್ಪಣೆಯಲ್ಲ, ವಿನಂತಿ. ಒಂದೇ ಲೆಕ್ಕವನ್ನು ಸುತ್ತಿ ಸುತ್ತಿ ಓಡುತ್ತಿರುವ ಲೂಪು 'ನನಗೆ ನಿಲ್ಲು ಅಂದರಾ' ಎಂದು ಆಗಾಗ ತಾನೇ ವಿಚಾರಿಸಿಕೊಳ್ಳಬೇಕು. ಆ ಒಂದು ಸಾಲು ಹಾಕಬೇಕಾದವರು ಮೆಲ್ಬರ್ನ್ ಆಫೀಸಿನ ಅನಸೂಯಾ. ಮೆಥಡ್ ಅವರದು, ಬೇರೆಯವರು ಮುಟ್ಟುವಂತಿಲ್ಲ. ಫೋನ್ ಮಾಡಿ ಹೇಳಿದ. ಮೈಸೂರಿನ ಆ ಮೇಡಂ "ಆಯ್ತು" ಅಂದರು.

ಟ್ರಯಲ್ ದಿನ ಹತ್ತೇ ಸೆಕೆಂಡಿಗೆ ಪರದೆಯ ಮೇಲೆ ಉತ್ತರ ಬಂತು. ಇಂದ್ರೇಶ ಕುರ್ಚಿಯಲ್ಲೇ ಅರ್ಧ ಅಡಿ ಬೆಳೆದ. ಇಬ್ಬರಿಗೂ ಆಗುವಂಥ ಮನೆ ನೋಡಲು ಪ್ರಾರ್ಥನಾಗೆ ಮೆಸೇಜೂ ಕಳಿಸಿದ. ಊಟದ ಹೊತ್ತಿಗೆ ಸರ್ವರ್ ಏದುಸಿರು ಬಿಡುತ್ತಾ ಮಲಗಿಯೇಬಿಟ್ಟಿತು. ತೆರೆದು ನೋಡಿದರೆ, ನಿಲ್ಲು ಅನ್ನಿಸಿಕೊಂಡ ಓಟಗಳೆಲ್ಲ ಒಳಗೊಳಗೇ ನಡೆಯುತ್ತಲೇ ಇದ್ದವು. ಇವನು ಕಾಯುವುದನ್ನು ನಿಲ್ಲಿಸಿದ್ದ, ಅಷ್ಟೆ. ಅವು ಓಡುವುದನ್ನು ನಿಲ್ಲಿಸಿರಲಿಲ್ಲ.

ಮತ್ತೆ ಮೆಲ್ಬರ್ನಿಗೆ ಫೋನು.

"ಮೇಡಂ, ಆ ಲೈನು ಆಯ್ತು ಅಂದ್ರಲ್ಲ?"

"ಆಯ್ತು ಅಂದೆ ಕಣಪ್ಪ, ಹಾಕ್ತೀನಿ ಅಂತ. ಹಾಕಾಯ್ತು ಅಂದೆನಾ?"

ಇಂದ್ರೇಶನಿಗೆ ಮೇಜಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕನ್ನಡದವರೆಂದು ಉಬ್ಬಿ ಕನ್ನಡದಲ್ಲೇ ಕೆಲಸ ಹೇಳಿದ್ದು ಅವನೇ. ಆ ಒಂದು 'ಆಯ್ತು' ನಂಬಿಕೊಂಡು ಮ್ಯಾನೇಜರಿಗೆ 'ಡನ್' ಎಂದು ಎದೆ ತಟ್ಟಿಕೊಂಡವನೂ ಅವನೇ. ಬೈಯಬೇಕೆಂದರೆ ಬೇರೆ ಯಾರೂ ಸಿಗಲಿಲ್ಲ. ಫೋನ್ ಇಡಲು ಬಿಡದೆ, ಅನಸೂಯಾ ಗೊಣಗುತ್ತಿದ್ದರೂ ಕೇಳದೆ, ಆ ಸಾಲು ಹಾಕಿಸಿ ಸೇವ್ ಮಾಡಿಸಿದ.

ಮರುದಿನ ಎಷ್ಟು ಆರ್ಡರ್ ಸುರಿದರೂ ಮೆಥಡ್ ಹೇಳಿದ ಕೂಡಲೇ ಕೈಕಟ್ಟಿ ನಿಂತಿತು. ಮ್ಯಾನೇಜರ್ ಬಂದು ಬೆನ್ನು ತಟ್ಟಿದ. ಮೆಲ್ಬರ್ನಿನ ತಾಪತ್ರಯವನ್ನು ಸಿಡ್ನಿಯಲ್ಲಿ ಕೂತು, ಬರೀ ಫೋನಿನಲ್ಲಿ ಬಗೆಹರಿಸಿದವನನ್ನು ಖರ್ಚು ಮಾಡಿ ಅಲ್ಲಿಗೆ ಕಳಿಸುವುದೇಕೆ, ಇಲ್ಲೇ ಇರಲಿ ಎಂದ. ಅದನ್ನು ಹೊಗಳಿಕೆ ಎಂದುಕೊಂಡೇ ಹೇಳಿದ, ಪುಣ್ಯಾತ್ಮ.

ಸಂಜೆ ಫೋನಿನಲ್ಲಿ ಪ್ರಾರ್ಥನಾಗೆ ಸುದ್ದಿ ಹೇಳಿದ.

"ಅಷ್ಟು ಚೆನ್ನಾಗಿ ಮಾಡು ಅಂತ ನಿಂಗೆ ಯಾರು ಹೇಳಿದ್ರು?" ಅಂದಳು.